ಹವಳದ ಟ್ಯಾಂಕಿಗೆ ಬಿಸಿಲು: ತಡೆಯಬೇಕೆ, ಬಳಸಬೇಕೆ?

ಪ್ರಶ್ನೆ: ವಿಜಯಪುರದಾಗ ನಮ್ಮ ಪಡಸಾಲಿಯೊಳಗ ಮೂರು ಅಡಿ ಉದ್ದ, ಒಂದೂವರಿ ಅಡಿ ಅಗಲ, ಒಂದೂವರಿ ಅಡಿ ಎತ್ತರದ ಹವಳದ ಟ್ಯಾಂಕ್ ಐತಿ. ಮಶ್ರೂಮ್, ಜೊವಾಂಥಸ್ ಅನ್ನೂ ಮೆತ್ತನ್ನ ಹವಳ, ಒಂದು ಲೆದರ್ ಹವಳ, ಎರಡು ಕ್ಲೌನ್ ಮೀನು ಅದಾವ. ಚಳಿಗಾಲದಾಗ ಎಲ್ಲಾ ಚೊಲೋ ಇತ್ತು. ಮಾರ್ಚ್‌ನಿಂದ ಮೂಡಣ ಕಿಟಕಿಯ ಬಿಸಿಲು ಮುಂಜಾನೆ ಏಳೂವರಿಯಿಂದ ಒಂಬತ್ತರ ತನಕ ಟ್ಯಾಂಕಿನ ಬಲಮಗ್ಗಲಿಗೆ ಬೀಳಾಕತ್ತೈತಿ. ಆ ಕಡೆಯ ಮಶ್ರೂಮ್ ಮುದುಡ್ಯಾವ, ಗಾಜಿಗೆ ಹಸಿರು ಪಾಚಿ, ಉಸುಕಿನ ಮ್ಯಾಲೆ ಕೆಂಪು ಪದರ ಬಂದೈತಿ. ಮಧ್ಯಾಹ್ನ ನೀರು 30 ಡಿಗ್ರಿ ಮುಟ್ಟತೈತಿ. ಕಿಟಕಿ ಮುಚ್ಚಿಬಿಡಬೇಕೇನು? ಇಲ್ಲಾ, ಟ್ಯಾಂಕನ್ನ ಮಾಳಿಗಿಯ ಬೆಳಕಿಂಡಿ ಕೆಳಗ ಸರಿಸಿ, ಬಿಸಿಲನ್ನ ಬಳಸಿಕೊಂಡು ಎಲ್‌ಇಡಿಯ ಕರೆಂಟ್ ಉಳಿಸಬಹುದೇನು?

ಉತ್ತರ: ಟ್ಯಾಂಕ್ ಸರಿಸಬೇಡಿ. ಕಿಟಕಿಗೆ ಹೊರಗಡೆಯಿಂದ ನೆರಳು ಕಟ್ಟಿ, ಇವತ್ತೇ. ಮಿಕ್ಕದ್ದನ್ನು ನಿಧಾನವಾಗಿ ಮಾಡಿದರೂ ನಡೆಯುತ್ತದೆ.

ಬಿಸಿಲೇ ಹವಳಕ್ಕೆ ವೈರಿ ಎಂಬ ಮಾತು ಮಾತ್ರ ನಿಜವಲ್ಲ. ಸಮುದ್ರದ ಮೀನು ಸಾಕುತ್ತಿದ್ದ ಜಕಾರ್ತಾದ ಲೀ ಚಿನ್ ಎಂಗ್ ಅವರು 1961ರಲ್ಲಿ ವಿವರಿಸಿದ ಟ್ಯಾಂಕ್ ಸಾಕುವ ವಿಧಾನದಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮನೆಮಾಡಿದ ಸಮುದ್ರದ ‘ಜೀವಂತ ಕಲ್ಲು’, ಗಾಳಿಯ ಗುಳ್ಳೆ ಮತ್ತು ಬಿಸಿಲು, ಇಷ್ಟೇ. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ದೊಡ್ಡ ಹವಳದ ಅಕ್ವೇರಿಯಂ ಬೆಳೆದದ್ದು ಬಯಲ ಬೆಳಕಿನಲ್ಲಿ. ಆ ಊರು ಭೂಮಧ್ಯರೇಖೆಯಿಂದ ತೆಂಕಣಕ್ಕೆ ಸುಮಾರು 19 ಡಿಗ್ರಿ, ವಿಜಯಪುರ ಬಡಗಣಕ್ಕೆ ಸುಮಾರು 17 ಡಿಗ್ರಿ. ಸೂರ್ಯನ ಮಟ್ಟಿಗೆ ಎರಡೂ ಊರು ಬಹಳ ದೂರವಲ್ಲ. ವ್ಯತ್ಯಾಸವಿರುವುದು ಎರಡು ಕಡೆ. ಅಲ್ಲಿ ಲಕ್ಷಗಟ್ಟಲೆ ಲೀಟರ್ ನೀರಿತ್ತು, ನಿಮ್ಮಲ್ಲಿ 190 ಲೀಟರ್. ಅಲ್ಲಿ ಬಿಸಿಲು ಮೇಲಿನಿಂದ ಬೀಳುತ್ತಿತ್ತು, ನಿಮ್ಮಲ್ಲಿ ಮಗ್ಗಲಿನಿಂದ. ನಿಮ್ಮ ಮಶ್ರೂಮ್ ಮುದುಡಿದ್ದಕ್ಕೆ ಈ ಎರಡನೆಯದೇ ಮುಖ್ಯ ಕಾರಣ.

ಸಮುದ್ರದ ಮೇಲೆ ಸೂರ್ಯ ಆಗಷ್ಟೇ ಹುಟ್ಟುತ್ತಿದ್ದಾನೆ ಎಂದುಕೊಳ್ಳಿ. ಅಷ್ಟು ತಗ್ಗಿನ ಕಿರಣದಲ್ಲಿ ದೊಡ್ಡ ಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಒಳಗೆ ಇಳಿದದ್ದು ಕೆಳಮುಖವಾಗಿ ಬಾಗುತ್ತದೆ. ನೀರು ಶಾಂತವಾಗಿದ್ದರೆ ಯಾವ ನೇರ ಕಿರಣವೂ ಲಂಬದಿಂದ 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ನೀರೊಳಗೆ ಸಾಗಲಾರದು. ಹಾಗಾಗಿ ಕಲ್ಲಿನ ಸಂದಿಯಲ್ಲಿ, ಚಾಚಿದ ಬಂಡೆಯ ಕೆಳಗೆ ಬದುಕುವ ಮಶ್ರೂಮ್‌ಗೆ ಎಳೆಬಿಸಿಲಿನ ನೇರ ಏಟು ಹುಟ್ಟಿದಾರಭ್ಯ ಗೊತ್ತಿಲ್ಲ. ನಿಮ್ಮ ಟ್ಯಾಂಕಿನಲ್ಲಿ ಬೆಳಕು ಮಗ್ಗಲ ಗಾಜನ್ನು ಹಾದು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಬರುತ್ತದೆ. ಕಲ್ಲು ಕೊಡಬೇಕಾದ ನೆರಳು ಆಗ ಕೆಲಸಕ್ಕೆ ಬರುವುದಿಲ್ಲ.

ಎಷ್ಟು ಬೆಳಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಬೆಳಿಗ್ಗೆ ಎಂಟರ ಹೊತ್ತಿಗೆ ಸೂರ್ಯನಿಗೆ ಮುಖ ಮಾಡಿದ ಗಾಜಿನ ಮೇಲೆ, ಕಿಟಕಿ ಗಾಜು ಮತ್ತು ಟ್ಯಾಂಕ್ ಗಾಜು ತಿಂದದ್ದು ಹೋಗಿ, 40,000 ಲಕ್ಸ್‌ನಷ್ಟು (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಉಳಿಯುತ್ತದೆ. ಬಿಸಿಲಿನ ಲಕ್ಸನ್ನು 54ರಿಂದ ಭಾಗಿಸಿದರೆ ಹವಳ ಸಾಕುವವರು ಹೇಳುವ ‘ಪಾರ್’ (ಪಾಚಿ, ಗಿಡಗಳು ಆಹಾರಕ್ಕೆ ಬಳಸಬಲ್ಲ ಬೆಳಕಿನ ಅಳತೆ) ಸಿಗುತ್ತದೆ: ಸುಮಾರು 740. ಮಶ್ರೂಮ್‌ಗೆ 30ರಿಂದ 80 ಸಾಕು. ಜೊವಾಂಥಸ್ ಮತ್ತು ಲೆದರ್‌ಗೆ 80ರಿಂದ 150. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 100 ಪಾರ್ ಕೊಡುವ ಎಲ್‌ಇಡಿ ಎಂಟು ತಾಸು ಉರಿದು ಇಡೀ ದಿನ ಕೊಡುವ ಬೆಳಕಿಗಿಂತ ಹೆಚ್ಚನ್ನು ಆ ಒಂದೂವರೆ ತಾಸಿನ ಬಿಸಿಲು ಕೊಟ್ಟುಬಿಡುತ್ತದೆ. ಆಮೇಲೆ ನಿಮ್ಮ ಎಲ್‌ಇಡಿ ಮಾಮೂಲಿನಂತೆ ಮತ್ತೆ ಎಂಟು ತಾಸು ಉರಿಯುತ್ತದೆ.

ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಒಂದು ಮಟ್ಟದ ತನಕ ಮಾತ್ರ ಬೆಳಕನ್ನು ಸಕ್ಕರೆಯಾಗಿ ಮಾಡಬಲ್ಲದು. ಅದರಾಚೆಗಿನ ಬೆಳಕು ದಂಡವಾಗುವುದಿಲ್ಲ, ಹಾನಿಯನ್ನೇ ಮಾಡುತ್ತದೆ. ಹೆಚ್ಚುವರಿ ಶಕ್ತಿಯಿಂದ ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ, ತಡೆಯಲಾರದೆ ಹವಳ ತನ್ನ ಪಾಚಿಯನ್ನೇ ಹೊರಹಾಕುತ್ತದೆ. ಬಿಳಿಚುವಿಕೆ ಅನ್ನುವುದು ಇದಕ್ಕೇ. ನೀರು ಬೆಚ್ಚಗಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. 26 ಡಿಗ್ರಿಯಲ್ಲಿ ತಾಳುವ ಬೆಳಕನ್ನು 30 ಡಿಗ್ರಿಯಲ್ಲಿ ಅದೇ ಹವಳ ತಾಳದೆ ಹೋಗಬಹುದು. ನಿಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ಬಂದಿವೆ.

ಮುದುಡಿದ ಮಶ್ರೂಮ್ ಸತ್ತಿಲ್ಲ, ಬಣ್ಣ ಇನ್ನೂ ಇದ್ದರೆ ಎರಡು–ಮೂರು ವಾರದಲ್ಲಿ ಅರಳೀತು. ಅದನ್ನು ಕಲ್ಲಿನಿಂದ ಕೀಳಲು ಹೋಗಬೇಡಿ. ಕಲ್ಲು ಸಮೇತ ಎಡಗಡೆಗೆ, ಕೆಳಗೆ ಇಡಿ. ಬಿಳುಪಾಗಿದ್ದರೂ ಕೈಬಿಡಬೇಡಿ: ಮಂದ ಬೆಳಕು, 26 ಡಿಗ್ರಿ ನೀರು, ವಾರಕ್ಕೆರಡು ಸಲ ಚಿಟಿಕೆಯಷ್ಟು ಸಣ್ಣ ಆಹಾರ. ಮೈ ಕರಗಿ ನಾರುವ ಲೋಳೆಯಾದರೆ ಮಾತ್ರ ತೆಗೆದುಹಾಕಿ.

ಇನ್ನು ನೆರಳು. ಅದು ಕಿಟಕಿಯ ಹೊರಗಿರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಳಗೆ ಪರದೆ ಕಟ್ಟಿದರೆ ಬೆಳಕು ತಡೆಯುತ್ತದೆ, ಆದರೆ ಗಾಜು ದಾಟಿ ಬಂದ ಕಾವು ಪರದೆಯನ್ನು ಬಿಸಿ ಮಾಡಿ ಪಡಸಾಲೆಯಲ್ಲೇ ಉಳಿಯುತ್ತದೆ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್‌ಗಳಿಗೆ ಸುತ್ತ ಕಟ್ಟುವ ಶೇಡ್ ನೆಟ್ ನಿಮ್ಮಲ್ಲಿ ಯಾವ ಕೃಷಿ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. 75 ಪ್ರತಿಶತ ಬೆಳಕನ್ನು ತಡೆಯುವಂಥದ್ದು ತನ್ನಿ. ದ್ರಾಕ್ಷಿ ನೇರ ಬಿಸಿಲಿಗೆ ಒಣಗಿದರೆ ಕಂದುತ್ತದೆ, ನೆರಳಲ್ಲಿ ಒಣಗಿದರೆ ಹಸಿರು ಉಳಿಯುತ್ತದೆ ಎಂಬುದು ಅಲ್ಲಿನ ರೈತರಿಗೆ ಗೊತ್ತು. ನಿಮಗೆ ಬೇಕಾದದ್ದೂ ಅದೇ ನೆಟ್ಟು. ಕಿಟಕಿಯ ಗ್ರಿಲ್‌ನಿಂದ ಒಂದು ಗೇಣು ದೂರ ಬಿಟ್ಟು, ನಡುವೆ ಗಾಳಿಯಾಡುವಂತೆ ಕಟ್ಟಿ. ಟ್ಯಾಂಕಿನ ಬಲಗಾಜಿಗೆ ಹೊರಗಿನಿಂದ ಒಂದು ಇಂಚು ದಪ್ಪದ ಬಿಳಿ ಥರ್ಮಾಕೋಲ್ ಹಾಳೆ ಅಂಟಿಸಿ. ಕಪ್ಪು ಹಾಳೆ ಬೇಡ, ಅದು ಕಾವನ್ನು ಹೀರಿ ಗಾಜಿಗೆ ದಾಟಿಸುತ್ತದೆ.

ಇಷ್ಟು ಮಾಡಿದರೂ ಮಧ್ಯಾಹ್ನದ 30 ಡಿಗ್ರಿ ಪೂರ್ತಿ ಇಳಿಯುವುದಿಲ್ಲ. ಟ್ಯಾಂಕಿನ ಬಲಮಗ್ಗಲ ಗಾಜು ಒಂದೂವರೆ ಅಡಿ ಚೌಕ, ಅಂದರೆ ಸುಮಾರು 0.21 ಚದರ ಮೀಟರ್. ಅದರ ಮೂಲಕ ಆ ಹೊತ್ತಿನಲ್ಲಿ ಒಳಬರುವ ಶಕ್ತಿ ನೂರು ವ್ಯಾಟ್‌ಗಿಂತ ತುಸು ಕಡಿಮೆ. 190 ಲೀಟರ್ ಸಮುದ್ರದ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 780 ಕಿಲೋಜೂಲ್ ಬೇಕು. ಲೆಕ್ಕ ಹಾಕಿದರೆ ಒಂದೂವರೆ ತಾಸಿನ ಬಿಸಿಲಿನಿಂದ ಏರುವುದು ಅರ್ಧ ಡಿಗ್ರಿ, ಬಹಳವಾದರೆ ಮುಕ್ಕಾಲು. ಉಳಿದದ್ದು ನಿಮ್ಮ ಪಡಸಾಲೆಯ ಧಗೆ ಮತ್ತು ಪಂಪುಗಳ ಕಾವು. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇರುವಾಗ ಕಿಟಕಿಯೊಂದನ್ನೇ ಮುಚ್ಚಿ ಗೆಲ್ಲಲಾಗದು.

ಆದರೆ ವಿಜಯಪುರದ ಬೇಸಿಗೆಗೆ ಒಂದು ಒಳ್ಳೆಯ ಗುಣವಿದೆ: ಗಾಳಿ ಒಣಗಿರುತ್ತದೆ. ಕರಾವಳಿಯಲ್ಲಿ ಫ್ಯಾನಿನಿಂದ ಸಿಗದ ತಂಪು ಇಲ್ಲಿ ಸಿಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೂಲ್ ಕಾವನ್ನು ಹೊತ್ತೊಯ್ಯುತ್ತದೆ, ಅಂದರೆ ನಿಮ್ಮ ಟ್ಯಾಂಕಿನ ಮೂರು ಡಿಗ್ರಿ. 12 ವೋಲ್ಟ್‌ನ ಎರಡು ಕಂಪ್ಯೂಟರ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ, ನಾಲ್ಕು ಬೆರಳು ಮೇಲೆ ಕೂರಿಸಿ, 26.5 ಡಿಗ್ರಿಗೆ ಚಾಲೂ ಆಗುವ ಟೆಂಪರೇಚರ್ ಕಂಟ್ರೋಲರ್‌ಗೆ ಜೋಡಿಸಿ. ಮೇಲಿನ ಗಾಜಿನ ಮುಚ್ಚಳ ತೆಗೆದು ಸಣ್ಣ ಕಣ್ಣಿನ ಬಲೆ ಹಾಕಿ, ಇಲ್ಲವಾದರೆ ಆವಿ ಹೊರಹೋಗದು, ಮೀನೂ ಹಾರೀತು. ಒಣ ದಿನಗಳಲ್ಲಿ ನೀರು ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ.

ಇದಕ್ಕೆ ಕೊಡಬೇಕಾದ ಬೆಲೆ ನೀರು. ದಿನಕ್ಕೆ ಐದು ಲೀಟರ್ ಹೋದರೆ ಲವಣಾಂಶ ಸಾವಿರಕ್ಕೆ 35 ಭಾಗದಿಂದ 36ರ ಹತ್ತಿರಕ್ಕೆ ಏರುತ್ತದೆ. ಎರಡು ದಿನ ಮರೆತರೆ ಬಿಸಿಲಿಗಿಂತ ಅದೇ ದೊಡ್ಡ ತೊಂದರೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ತುಂಬುವುದು ಸಿಹಿನೀರನ್ನೇ, ಉಪ್ಪು ಬೆರೆಸಿದ್ದನ್ನಲ್ಲ. ನೀರು ಇಳಿದಂತೆ ತಾನೇ ತುಂಬುವ, ಫ್ಲೋಟ್ ಇರುವ ಆಟೋ ಟಾಪ್-ಅಪ್ ಒಂದನ್ನು ಹಾಕಿಸಿದರೆ ನೆಮ್ಮದಿ. ಕೊಳವೆಬಾವಿಯ ನೀರು ಖಂಡಿತ ಬೇಡ. ನಿಮ್ಮ ಭಾಗದ ಗಡಸು ನೀರಿನಲ್ಲಿ ಮನೆಯ ಆರ್‌ಓ ದಾಟಿದ ಮೇಲೂ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 50–100 ಉಳಿಯುವುದುಂಟು. ದಿನಾ ಐದು ಲೀಟರ್‌ನಂತೆ ಅದು ಟ್ಯಾಂಕಿನೊಳಗೆ ಸೇರುತ್ತ ಹೋಗುತ್ತದೆ. ಆರ್‌ಓ ಆದಮೇಲೆ, ಉಳಿದ ಲವಣವನ್ನು ಹಿಡಿಯುವ ಡಿಐ ರೆಸಿನ್‌ನ ಕೊಳವೆ ಸೇರಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ತನಕ ಬಿಡಬೇಡಿ.

ನೀರನ್ನು ತಂಪು ಮಾಡುವ ಯಂತ್ರ, ಚಿಲ್ಲರ್, ಕೊಳ್ಳುವುದಾದರೆ ಈ ಅಳತೆಗೆ ಡಬ್ಬದ ಮೇಲೆ 1/10 ಎಚ್‌ಪಿ ಸಾಕು ಎಂದು ಬರೆದಿರಬಹುದು. 38 ಡಿಗ್ರಿಯ ಕೋಣೆಯಲ್ಲಿ ಅದು ಬಿಡುವಿಲ್ಲದೆ ಓಡಿ ಸೋಲುತ್ತದೆ. 1/4 ಎಚ್‌ಪಿ ತೆಗೆದುಕೊಳ್ಳಿ, ಅದರ ಬಿಸಿಗಾಳಿ ಕ್ಯಾಬಿನೆಟ್ಟಿನೊಳಗೆ ಅಲ್ಲ, ಹೊರಗೆ ಹೋಗುವಂತೆ ಇಡಿ. ಕರೆಂಟ್ ಹೋದ ದಿನಕ್ಕೆ ಒಂದು ಲೀಟರ್‌ನ ಬಾಟಲಿಗಳಲ್ಲಿ ನೀರು ತುಂಬಿ, ಬಿರಡೆ ಬಿಗಿದು ಫ್ರೀಜರಿನಲ್ಲಿ ಇಟ್ಟಿರಿ. ಒಂದು ಬಾಟಲಿ ಪೂರ್ತಿ ಕರಗಿ ಬೆಚ್ಚಗಾಗುವಷ್ಟರಲ್ಲಿ ಟ್ಯಾಂಕ್ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಎರಡಕ್ಕಿಂತ ಹೆಚ್ಚು ಬಾಟಲಿ ಒಮ್ಮೆಗೇ ಇಳಿಬಿಡಬೇಡಿ. ಜೊತೆಗೆ ಬ್ಯಾಟರಿಯ ಏರ್ ಪಂಪ್ ಇರಲೇಬೇಕು: ಬೆಚ್ಚಗಿನ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ, ಪಾಚಿ ಹೆಚ್ಚಾದ ಟ್ಯಾಂಕಿನಲ್ಲಿ ರಾತ್ರಿ ಅದು ಇನ್ನೂ ತಗ್ಗುತ್ತದೆ. ಬೇಸಿಗೆಯ ರಾತ್ರಿ ಕರೆಂಟ್ ಹೋದಾಗ ಮೀನು ಸಾಯುವುದು ಬಹುತೇಕ ಉಸಿರುಗಟ್ಟಿಯೇ.

ಪಾಚಿಯ ವಿಷಯಕ್ಕೆ ಬಂದರೆ, ಬಿಸಿಲು ಪಾಚಿಯನ್ನು ಹುಟ್ಟಿಸಲಿಲ್ಲ, ಮೊದಲೇ ನೀರಿನಲ್ಲಿದ್ದ ಗೊಬ್ಬರಕ್ಕೆ ಬೆಳಕು ಒದಗಿಸಿತು. ನೀಲಿ ಎಲ್‌ಇಡಿಯಲ್ಲಿ ಕಡಿಮೆ ಇರುವ ಕೆಂಪು ಬೆಳಕು ಎಳೆಬಿಸಿಲಿನಲ್ಲಿ ಧಾರಾಳ, ಹಸಿರು ಪಾಚಿಗೆ ಅದು ಇಷ್ಟ. ನೈಟ್ರೇಟ್ ಮತ್ತು ಫಾಸ್ಫೇಟ್ ಅಳೆಯಿರಿ. ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಪಿಪಿಎಂ ನಡುವೆ ಇರಲಿ. ಸೊನ್ನೆಗೆ ಇಳಿಸುವ ಹಟ ಬೇಡ, ಆಗ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಬರುವ ಸಂಭವ ಹೆಚ್ಚು, ಅದನ್ನು ಹೋಗಲಾಡಿಸುವುದು ಹಸಿರು ಪಾಚಿಗಿಂತ ಕಷ್ಟ. ಉಸುಕಿನ ಮೇಲಿನ ಕೆಂಪು ಪದರ ಪಾಚಿಯಲ್ಲ, ಸಯಾನೋಬ್ಯಾಕ್ಟೀರಿಯಾ. ಬಿಸಿಲು ಬೀಳುವ ಗಾಜಿನಂಚಿನಲ್ಲಿ, ಉಸುಕು ಗಾಜಿಗೆ ತಾಗುವ ಜಾಗದಲ್ಲೇ ಅದು ಮೊದಲು ಶುರುವಾಗುತ್ತದೆ. ಹೊರಗಿನಿಂದ ಉಸುಕಿನ ಮಟ್ಟಕ್ಕೆ ಎರಡು ಇಂಚಿನ ಅಪಾರದರ್ಶಕ ಟೇಪ್ ಸುತ್ತಿದರೆ ಉಸುಕಿನೊಳಗಿನ ಬೆಳಕು ನಿಲ್ಲುತ್ತದೆ. ತೆಳು ಪೈಪಿನಿಂದ ಆ ಪದರವನ್ನು ಹೀರಿ ತೆಗೆಯಿರಿ, ಟ್ಯಾಂಕಿನೊಳಗೆ ನೀರು ತಳ್ಳುವ ಪಂಪಿನ (ಪವರ್‌ಹೆಡ್) ಮುಖವನ್ನು ಆ ಮೂಲೆಗೆ ತಿರುಗಿಸಿ, ವಾರಕ್ಕೆ 19 ಲೀಟರ್ ನೀರು ಬದಲಿಸಿ. ಆ್ಯಂಟಿಬಯಾಟಿಕ್ ಪುಡಿ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸತ್ತ ಪದರ ಕೊಳೆತು ಆಮ್ಲಜನಕ ತಿನ್ನುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಕ್ಯಾಬಿನೆಟ್ಟಿನ ಬಾಗಿಲನ್ನೂ ನೋಡಿಕೊಳ್ಳಿ. ಅದು ತೆರೆದಿದ್ದು ಒಳಗಿನ ಸಂಪ್‌ಗೆ (ಟ್ಯಾಂಕಿನ ಕೆಳಗಿನ ನೀರಿನ ತೊಟ್ಟಿಗೆ) ಬಿಸಿಲು ಬಿದ್ದರೆ ಪೈಪಿನೊಳಗೆ ಪಾಚಿ ಕಟ್ಟಿ ಹರಿವು ಕುಂದುತ್ತದೆ, ಅದು ಗೊತ್ತಾಗುವುದು ತಡವಾಗಿ.

ಈಗ ಬೆಳಕಿಂಡಿ. ಮೇಲಿನಿಂದ ಬೀಳುವ ಬಿಸಿಲು ಎಂಬ ಕಾರಣಕ್ಕೆ ಅದು ಕಿಟಕಿಗಿಂತ ಒಳ್ಳೆಯದೆನಿಸುತ್ತದೆ. ಆದರೆ ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ. ನಿಮ್ಮ ಬೆಳಕಿಂಡಿ ಒಂದು ಅಡಿ ಚೌಕ, ಟ್ಯಾಂಕಿನ ನೀರಿನ ಮಟ್ಟದಿಂದ ಎಂಟು ಅಡಿ ಮೇಲೆ ಎಂದಿಟ್ಟುಕೊಳ್ಳಿ. ನಡುಹಗಲಿನಲ್ಲಿ ಬಿಸಿಲಿನ ಚೌಕ ತಾಸಿಗೆ ಎರಡು ಅಡಿಯಂತೆ ಪಡುವಣದಿಂದ ಮೂಡಣಕ್ಕೆ ಸರಿಯುತ್ತದೆ, ಮೂರು ಅಡಿಯ ಟ್ಯಾಂಕನ್ನು ಸುಮಾರು ಎರಡು ತಾಸಿನಲ್ಲಿ ದಾಟಿ ಹೋಗುತ್ತದೆ. ಒಂದೊಂದು ಹವಳಕ್ಕೂ ಸಿಗುವುದು ಅರ್ಧ ತಾಸಿನ ಸುಡುಬಿಸಿಲು, ಉಳಿದ ಹೊತ್ತು ಮಬ್ಬು. ವರ್ಷದ ಲೆಕ್ಕ ಇನ್ನೂ ಕೆಟ್ಟದ್ದು. ಮೇ 7ರ ಆಸುಪಾಸು ಮತ್ತು ಆಗಸ್ಟ್ 5ರ ಆಸುಪಾಸು ವಿಜಯಪುರದಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಮೇ ತಿಂಗಳಲ್ಲಿ ಅದು ಗಡಿಯಾರದ 12 ಗಂಟೆಗಲ್ಲ, ಸುಮಾರು 12:25ಕ್ಕೆ. ಆಗ ಚೌಕ ನೇರ ಟ್ಯಾಂಕಿನ ಮೇಲೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ 50 ಡಿಗ್ರಿ ಮಾತ್ರ. ಚೌಕ ಸುಮಾರು ಆರೂಮುಕ್ಕಾಲು ಅಡಿ ಬಡಗಣಕ್ಕೆ ಹೋಗಿ ಗೋಡೆಯ ಮೇಲೋ ನೆಲದ ಮೇಲೋ ಬೀಳುತ್ತದೆ. ಅಂದರೆ ಧಗೆ ಹೆಚ್ಚಿರುವಾಗಲೇ ಬಿಸಿಲು ಪೂರ್ತಿ, ನೀರು ತಂಪಾಗಿ ಬಿಸಿಲನ್ನು ತಾಳಬಲ್ಲ ಕಾಲದಲ್ಲಿ ಏನೂ ಇಲ್ಲ.

ಮೂಡಣ ಕಿಟಕಿಯ ಕತೆಯೂ ಇದೇ. ನಿಮ್ಮೂರಿನಲ್ಲಿ ಸೂರ್ಯ ಹುಟ್ಟುವ ಜಾಗ ಜೂನ್‌ನಿಂದ ಡಿಸೆಂಬರಿಗೆ 49 ಡಿಗ್ರಿಯಷ್ಟು ಸರಿಯುತ್ತದೆ. ಚಳಿಗಾಲದಲ್ಲಿ ಎಲ್ಲ ಚೆನ್ನಾಗಿದ್ದದ್ದು ನೀವು ಏನೋ ಸರಿ ಮಾಡಿದ್ದರಿಂದ ಅಲ್ಲ, ಬಿಸಿಲು ಓರೆಯಾಗಿ ಟ್ಯಾಂಕನ್ನು ತಪ್ಪಿಸಿ ಬೀಳುತ್ತಿದ್ದರಿಂದ.

ಕರೆಂಟ್ ಉಳಿತಾಯವೂ ಅಂಥದ್ದೇನಿಲ್ಲ. 100 ವ್ಯಾಟ್‌ನ ಎಲ್‌ಇಡಿ ಎಂಟು ತಾಸು ಉರಿದರೆ ದಿನಕ್ಕೆ 0.8 ಯೂನಿಟ್. ಅದರಲ್ಲಿ ಅರ್ಧ ಉಳಿಸಿದಿರಿ ಎನ್ನೋಣ, 0.4. ಬಿಸಿಲಿನ ಕಾವು ಇಳಿಸಲು ಚಿಲ್ಲರ್ ದಿನಕ್ಕೆ ಎರಡು ತಾಸು ಹೆಚ್ಚು ಓಡಿದರೆ ಅರ್ಧ ಯೂನಿಟ್ ಹೋಯಿತು. ನಿಮ್ಮ ಊರಿನ ಬಿಸಿಲನ್ನು ದುಡಿಸಿಕೊಳ್ಳುವ ಸರಿಯಾದ ಜಾಗ ಟ್ಯಾಂಕಲ್ಲ, ಮಾಳಿಗೆ. ಒಂದು ಕಿಲೋವ್ಯಾಟ್‌ನ ಸೋಲಾರ್ ಪ್ಯಾನೆಲ್ ಒಳ್ಳೆಯ ದಿನ ನಾಲ್ಕು ಯೂನಿಟ್ ಕೊಡುತ್ತದೆ, ಎಲ್‌ಇಡಿ, ಪಂಪು, ಫ್ಯಾನಿನ ಜೊತೆಗೆ ಚಿಲ್ಲರ್‌ನ ಬಹುಪಾಲನ್ನೂ ಅದರಲ್ಲಿ ತೂಗಿಸಬಹುದು.

ಟ್ಯಾಂಕಿಗೇ ಬಿಸಿಲು ಕೊಡಬೇಕೆಂಬ ಆಸೆ ಬಿಡಲಾಗದಿದ್ದರೆ ಎರಡು ದಾರಿಗಳಿವೆ. ಒಂದು, ಬಿಸಿಲನ್ನು ಹವಳಕ್ಕಲ್ಲ, ಪಾಚಿಗೆ ಕೊಡುವುದು. ಕಿಟಕಿಯ ಬಳಿ 20 ಲೀಟರ್‌ನ ಪ್ರತ್ಯೇಕ ಗಾಜಿನ ಪೆಟ್ಟಿಗೆಯಲ್ಲಿ ಕೀಟೋಮಾರ್ಫಾ ಎಂಬ ತಂತಿಯಂಥ ಸಮುದ್ರ ಪಾಚಿಯನ್ನು ಬೆಳೆಸಿ, ತಾಸಿಗೆ 200 ಲೀಟರ್‌ನಂತೆ ಟ್ಯಾಂಕಿನ ನೀರು ಅದರ ಮೂಲಕ ಹಾಯಲಿ. ಹೊರಗಿನ ನೆಟ್ಟನ್ನು ಆ ಪೆಟ್ಟಿಗೆಯ ಮಟ್ಟದಲ್ಲಿ ಮಾತ್ರ ಬಿಚ್ಚಿಡಿ. ಗಾಜಿನ ಮೇಲೆ ಬೆಳೆಯಬೇಕಾದ ಪಾಚಿ ಪೆಟ್ಟಿಗೆಯಲ್ಲಿ ಬೆಳೆಯುತ್ತದೆ, ಎರಡು ವಾರಕ್ಕೊಮ್ಮೆ ಅರ್ಧ ಮುಷ್ಟಿ ಕಿತ್ತು ಎಸೆದರೆ ಅದರೊಂದಿಗೆ ನೈಟ್ರೇಟ್, ಫಾಸ್ಫೇಟೂ ಹೊರಗೆ. ಬಿಸಿಲು ಬೀಳುವ ಹೊತ್ತಿನಲ್ಲಿ ಹರಿವು ನಿಂತರೆ ಅಷ್ಟು ಚಿಕ್ಕ ಪೆಟ್ಟಿಗೆ ಬೇಗ ಕಾಯುತ್ತದೆ. ಆದ್ದರಿಂದ ಆ ಪಂಪನ್ನು ಇನ್ವರ್ಟರ್‌ಗೆ ಜೋಡಿಸಿ. ನಮ್ಮ ಅಭಿಪ್ರಾಯದಲ್ಲಿ ನಿಮ್ಮಂಥ ಮನೆಗೆ ಇದೇ ಒಳ್ಳೆಯ ದಾರಿ.

ಇನ್ನೊಂದು, ಬೆಳಕಿಂಡಿಯ ಬಿಸಿಲನ್ನು ಹರಡಿಸಿ ಬಳಸುವುದು. ಬೆಳಕಿಂಡಿಯ ಹೊರಗೆ 75 ಪ್ರತಿಶತ ನೆಟ್, ಒಳಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ. ಆಗ ಚಲಿಸುವ ಚೌಕ ಹೋಗಿ ಕೋಣೆಯ ತುಂಬ ಮೆದು ಬೆಳಕಾಗುತ್ತದೆ. ಮೊದಲ ವಾರ ಎರಡು ಪದರ ನೆಟ್ಟಿನಿಂದ ಶುರುಮಾಡಿ, ಹವಳ ಪೂರ್ತಿ ಅರಳುತ್ತಿದ್ದರೆ ಎರಡು ವಾರದ ಮೇಲೆ ಒಂದು ಪದರ ತೆಗೆಯಿರಿ. ನೀರಿನ ಮೇಲ್ಮೈಯಲ್ಲಿ ಲಕ್ಸ್ ಮೀಟರ್ ಹಿಡಿದು ನೋಡಿ, 8,000 ದಾಟಬಾರದು. ಎಲ್‌ಇಡಿಯನ್ನು ಆರಿಸಿ ಅಳೆಯಿರಿ, ನೀಲಿ ಬೆಳಕಿನಲ್ಲಿ ಲಕ್ಸ್ ಮೀಟರಿನ ಲೆಕ್ಕ ಪೂರ್ತಿ ತಪ್ಪುತ್ತದೆ. ಬಿಸಿಲಿನ ಬೆಳಕಿನಲ್ಲಿ ನಿಮ್ಮ ಜೊವಾಂಥಸ್ ಕಂದಾಗಿ, ಸಪ್ಪೆಯಾಗಿ ಕಂಡರೆ ಹೆದರಬೇಡಿ. ಅದರ ಮಿನುಗು ಕಾಣಲು ನೀಲಿ ಬೆಳಕು ಬೇಕು, ಸಂಜೆ ಎಲ್‌ಇಡಿ ಹೊತ್ತಿದಾಗ ಬಣ್ಣ ಮರಳುತ್ತದೆ.

ಬಿಸಿಲು ಧಾರಾಳವಾಗಿದೆ ಎಂದು ಗಟ್ಟಿ ಹವಳ ತರಲು ಮನಸ್ಸಾಗಬಹುದು. ನಮ್ಮ ಸಮುದ್ರದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯದಾಗಲಿ ಲಕ್ಷದ್ವೀಪದ್ದಾಗಲಿ, ಚೂರು ತಂದು ಕೊಡುತ್ತೇವೆ ಎನ್ನುವವರಿಂದ ಕೊಳ್ಳಬೇಡಿ. ಅದು ಅಪರಾಧ, ಆ ದಿಬ್ಬಗಳಿಗೆ ಮಾಡುವ ಅನ್ಯಾಯವೂ ಹೌದು.

ಕಾರಹುಣ್ಣಿಮೆಯ ಹೊತ್ತಿಗೆ ಮೋಡ ಕವಿದು ಗಾಳಿಗೆ ಪಸೆ ಬಂದಾಗ ಫ್ಯಾನಿನ ಕೆಲಸ ಕುಗ್ಗುತ್ತದೆ, ನೀರು ಆವಿಯಾಗುವುದೂ ಅರ್ಧಕ್ಕಿಳಿಯಬಹುದು. ಟಾಪ್-ಅಪ್ ಫ್ಲೋಟ್ ಉಪ್ಪು ಕಟ್ಟಿ ಅಂಟಿಕೊಂಡಿದ್ದರೆ ಆಗಲೇ ಟ್ಯಾಂಕ್ ಸಿಹಿನೀರು ತುಂಬಿ ಉಕ್ಕುವುದು. ಆ ವಾರ ಫ್ಲೋಟನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ರಿಫ್ರಾಕ್ಟೋಮೀಟರಿನಲ್ಲಿ ಮೂರು ದಿನ ಬೆಳಿಗ್ಗೆ ಲವಣಾಂಶ ನೋಡಿ ಬರೆದಿಟ್ಟುಕೊಳ್ಳಿ.